ನಿಂತ ಕಾರಿನ ಟೈರ್ ಯಾಕೆ ‘ಕೂತ್ಕೊಳ್ಳುತ್ತೆ’?

ಕಳೆದ ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಜನ ಗೌರಿಬಿದನೂರು ಪಕ್ಕದ ಕುಡುಮಲಕುಂಟೆಗೆ ಹೋಗಿದ್ವಿ. ನಮ್ಮ ಗೆಳೆಯನ ದೊಡ್ಡಪ್ಪ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ಇಟ್ಟಿದ್ದಾರೆ. ಇಪ್ಪತ್ತೈದು ವರ್ಷ ಲೇತ್ ಮುಂದೆ ನಿಂತು ದುಡಿದ ಮೇಲೆ ಅವರು ತಮಗೆ ಅಂತ ಮಾಡಿಕೊಂಡ ಒಂದೇ ಖರ್ಚು ಅಂದ್ರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಭಾನುವಾರ ಬೆಳಿಗ್ಗೆ ತೊಂಡೇಬಾವಿ ದಾಟಿ ಮಾಕಳಿದುರ್ಗದ ತಿರುವುಗಳ ತನಕ ಹೋಗಿ, ಒಂದು ಕಾಫಿ ಕುಡಿದು ವಾಪಸ್ ಬರೋದು. ಅಷ್ಟೇ ಅವರ ಮಜಾ.

ಆಮೇಲೆ ಅವರಿಗೆ ಹೃದಯದ ಆಪರೇಷನ್ ಆಯ್ತು. ಕಾರು ಐದು ತಿಂಗಳು ಶೆಡ್ಡಿನಲ್ಲಿ, ಕವರ್ ಹೊದ್ದುಕೊಂಡು, ಇದ್ದಲ್ಲೇ ನಿಂತಿತು. ಡಾಕ್ಟ್ರು ‘ಇನ್ನು ಓಡಿಸಬಹುದು’ ಅಂದ ದಿನ ಹೊರಗೆ ತೆಗೆದ್ರೆ, 40 ಕಿ.ಮೀ. ವೇಗಕ್ಕೇ ‘ದಬ್ ದಬ್ ದಬ್’ ಅಂತ ಇಡೀ ಕಾರು ಕುಲುಕಾಡಿತು. ನೋಡೋಕೆ ಬಂದ ಬ್ರೋಕರ್ ಒಬ್ಬರು ‘ಸಸ್ಪೆನ್ಷನ್ ಪೂರ್ತಿ ಹೋಗಿದೆ’ ಅಂತ ಹೇಳಿ ಅರ್ಧ ಬೆಲೆಗೆ ಕೇಳಿದ್ರು. ದೊಡ್ಡಪ್ಪ ಕೊಡೋಕೆ ರೆಡಿಯಾಗಿದ್ರು. “ಏನ್ರಪ್ಪಾ, ಇಂಜಿನಿಯರಿಂಗ್ ಓದ್ತಾ ಇದ್ದೀರಲ್ಲ, ಕೊಡೋಕ್ ಮುಂಚೆ ಒಂದ್ಸಲ ನೋಡ್ರಪ್ಪಾ” ಅಂದ್ರು.

ನಾವು ತಕ್ಷಣ ಪಟ್ಟಿ ಮಾಡಿದ್ವಿ: ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಬೇರಿಂಗ್, ಬ್ರೇಕ್ ಡಿಸ್ಕ್. ಮೊದಲು ಗಾಳಿ ಹೊಡಿಸೋಣ ಅಂತ ಪಂಕ್ಚರ್ ಅಂಗಡಿಗೆ ನಿಧಾನವಾಗಿ ತಗೊಂಡು ಹೋದ್ವಿ. ಅಲ್ಲಿನ ಅಣ್ಣ ಗೇಜ್ ಹಿಡಿದು ನೋಡಿದ್ರು. ಮೂರು ಟೈರಿನಲ್ಲಿ 27 ಪಿಎಸ್‌ಐ, ಹಿಂದಿನ ಎಡ ಟೈರಿನಲ್ಲಿ 18. “ಬ್ಯಾಲೆನ್ಸಿಂಗ್‌ಗೆ ದುಡ್ಡು ಆಮೇಲೆ ಕೊಡೋರಂತೆ. ಟೈರು ಕೂತ್ಬಿಟ್ಟಿದೆ. ಗಾಳಿ ಸರಿ ಮಾಡ್ಕೊಡ್ತೀನಿ, ನಿಧಾನಕ್ಕೆ ಇಪ್ಪತ್ತು ಕಿಲೋಮೀಟ್ರು ಓಡಿಸ್ಕೊಂಡು ಬನ್ನಿ” ಅಂದ್ರು.

ಅಣ್ಣ ‘ಕೂತಿದೆ’ ಅಂದದ್ದನ್ನೇ ಪುಸ್ತಕದಲ್ಲಿ ಫ್ಲಾಟ್ ಸ್ಪಾಟ್ ಅಂತಾರೆ. ಅದರ ಹಿಂದಿನ ವಿಜ್ಞಾನ ಇಲ್ಲಿದೆ.

ಇಸ್ತ್ರಿ ಹಾಕಿದ ಹಾಗೆ

ಮೈಸೂರಿನಲ್ಲಿ ವಿಕ್ರಾಂತ್ ಅಂತ ಶುರುವಾದ ಟೈರ್ ಕಾರ್ಖಾನೆ ಇರೋ ರಾಜ್ಯದವರು ನಾವು. ಆದ್ರೂ ಟೈರ್ ಅಂದ್ರೆ ಬರೀ ರಬ್ಬರ್ ಅಂದುಕೊಂಡಿರ್ತೀವಿ. ರೇಡಿಯಲ್ ಟೈರಿನ ಒಳಗೆ ಪಾಲಿಯೆಸ್ಟರ್ ದಾರಗಳ ಪದರ, ಅದರ ಮೇಲೆ ಉಕ್ಕಿನ ತಂತಿಯ ಬೆಲ್ಟ್ ಇರುತ್ತೆ. ಹೆಚ್ಚು ವೇಗಕ್ಕೆ ಅಂತ ಮಾಡಿದ ಟೈರುಗಳಲ್ಲಿ, ಜೋರಾಗಿ ತಿರುಗುವಾಗ ಬೆಲ್ಟ್ ಉಬ್ಬಬಾರದು ಅಂತ ಅದರ ಮೇಲೆ ನೈಲಾನ್ ಪಟ್ಟಿಯನ್ನೂ ಸುತ್ತಿರ್ತಾರೆ.

ಪಾಲಿಮರ್ ಪಾಠದಲ್ಲಿ ಗ್ಲಾಸ್ ಟ್ರಾನ್ಸಿಷನ್ ತಾಪಮಾನ ಓದಿದ್ದು ನೆನಪಿದೆಯಾ? ಒಣ ನೈಲಾನ್‌ಗೆ ಅದು ಸುಮಾರು 50 ಡಿಗ್ರಿ ಆಸುಪಾಸು. ಓಡಿ ಬಂದ ಟೈರ್ ಅದಕ್ಕಿಂತ ಬಿಸಿಯಾಗಿರಬಹುದು, ಆಗ ದಾರ ಮೆತ್ತಗಿರುತ್ತೆ. ಹಾಗೇ ನಿಲ್ಲಿಸಿದ್ರೆ ನೆಲಕ್ಕೆ ಒತ್ತಿಕೊಂಡ ಭಾಗ ಚಪ್ಪಟೆಯಾಗಿದ್ದಂತೆಯೇ ತಣ್ಣಗಾಗಿ, ಆ ಆಕಾರದಲ್ಲೇ ಗಟ್ಟಿಯಾಗುತ್ತೆ. ಪ್ಯಾಂಟಿಗೆ ಇಸ್ತ್ರಿ ಮಡಿಕೆ ಕೂರೋದೂ ಇದೇ ಲೆಕ್ಕದಲ್ಲಿ: ಬಿಸಿ ಮಾಡಿ, ಒತ್ತಿ, ತಣ್ಣಗಾಗಲು ಬಿಡು. ಮತ್ತೆ ಓಡಿಸಿ ಬಿಸಿ ಮಾಡಿದ್ರೆ ಮಡಿಕೆ ಬಿಡುತ್ತೆ. ಆದ್ರೆ ತಿಂಗಳುಗಟ್ಟಲೆ ಭಾರ ಹೊತ್ತು ನಿಂತ್ರೆ ರಬ್ಬರೂ ನಿಧಾನವಾಗಿ ಆ ಆಕಾರಕ್ಕೆ ಒಗ್ಗಿಹೋಗುತ್ತೆ. ಆಗ ಮಡಿಕೆ ಪೂರ್ತಿ ಬಿಡದೇ ಇರಬಹುದು.

ಒಂದು ಸಣ್ಣ ಲೆಕ್ಕ

ಕಾರಿನ ತೂಕ 1,200 ಕೆ.ಜಿ. ಅಂದುಕೊಳ್ಳಿ. ಒಂದು ಚಕ್ರದ ಮೇಲೆ 300 ಕೆ.ಜಿ., ಅಂದ್ರೆ ಸುಮಾರು 2,940 ನ್ಯೂಟನ್. ಗಾಳಿ 32 ಪಿಎಸ್‌ಐ, ಅಂದ್ರೆ ಸುಮಾರು 220 ಕಿಲೋಪ್ಯಾಸ್ಕಲ್. ಬಲವನ್ನು ಒತ್ತಡದಿಂದ ಭಾಗಿಸಿದ್ರೆ ನೆಲಕ್ಕೆ ತಾಗೋ ಜಾಗ ಸುಮಾರು 134 ಚದರ ಸೆಂ.ಮೀ. ಟೈರಿನ ಅಗಲ 20 ಸೆಂ.ಮೀ. ಇದ್ರೆ, ಚಪ್ಪಟೆ ಭಾಗದ ಉದ್ದ ಸುಮಾರು 6.7 ಸೆಂ.ಮೀ.

ಈಗ 18 ಪಿಎಸ್‌ಐ ಹಾಕಿ ನೋಡಿ. ಉದ್ದ ಸುಮಾರು 12 ಸೆಂ.ಮೀ. ಆಗುತ್ತೆ. ಪಕ್ಕದ ಗೋಡೆಯ ಬಿಗಿತವನ್ನು ನಾವು ಲೆಕ್ಕಕ್ಕೆ ತಗೊಂಡಿಲ್ಲ, ಹಾಗಾಗಿ ಇದು ಅಂದಾಜು ಮಾತ್ರ. ಆದ್ರೂ ಗಾಳಿ ಇಳಿದ ಟೈರೇ ಜಾಸ್ತಿ ಯಾಕೆ ಕೂರುತ್ತೆ ಅನ್ನೋದು ಇದರಿಂದ ಗೊತ್ತಾಗುತ್ತೆ.

ಟೈರಿನ ಸುತ್ತಳತೆ 1.9 ಮೀಟರ್ ಆದ್ರೆ, 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಆರು ಸುತ್ತು. ದೊಡ್ಡಪ್ಪನಿಗೆ ಕೇಳಿಸಿದ ‘ದಬ್ ದಬ್’ ಅದೇ. ಸ್ಪೋರ್ಟ್ಸ್ ಕಾರಿನ ಟೈರ್ ಗೋಡೆ ಗಿಡ್ಡ, ಸಸ್ಪೆನ್ಷನ್ ಬಿಗಿ. ರಸ್ತೆಯ ಸಣ್ಣ ವಿಷಯವೂ ಕೈಗೆ, ಬೆನ್ನಿಗೆ ನೇರ ಬಂದು ಮುಟ್ಟುತ್ತೆ. ಆ ಕಾರಿನ ಮಜಾ ಇರೋದು ಅಲ್ಲೇ, ಟೈರ್ ಕೂತಾಗ ಕಾಟ ಕೊಡೋದೂ ಅದೇ.

ಯಾವುದು ಅಂತ ಗುರುತಿಸೋದು ಹೇಗೆ?

- ಓಡ್ತಾ ಓಡ್ತಾ ಕುಲುಕಾಟ ಕಡಿಮೆಯಾದ್ರೆ: ಫ್ಲಾಟ್ ಸ್ಪಾಟ್.
- ವೇಗ ಏರಿದಂತೆ ಜೋರಾಗಿ, ಎಷ್ಟು ಓಡಿಸಿದ್ರೂ ಹೋಗದಿದ್ರೆ: ಬ್ಯಾಲೆನ್ಸಿಂಗ್ ನೋಡಿಸಿ.
- ಬ್ರೇಕ್ ಒತ್ತಿದಾಗ ಮಾತ್ರ ಬಂದ್ರೆ: ಬ್ರೇಕ್ ಡಿಸ್ಕ್ ನೋಡಿಸಿ.
- ಚಕ್ರ ಲಾಕ್ ಆಗಿ ಜಾರಿ, ಒಂದು ಕಡೆ ರಬ್ಬರ್ ಉಜ್ಜಿ ಹೋಗಿದ್ರೆ: ಇದೂ ಫ್ಲಾಟ್ ಸ್ಪಾಟೇ, ಆದ್ರೆ ಎಷ್ಟು ಓಡಿಸಿದ್ರೂ ವಾಸಿಯಾಗಲ್ಲ. ಸವೆದ ರಬ್ಬರ್ ವಾಪಸ್ ಬರಲ್ಲ.

ತಡೆಯೋಕೆ ಏನು ಮಾಡಬೇಕು?

1. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅರ್ಧ ಗಂಟೆ ಓಡಿಸಿ. ಆಗದಿದ್ರೆ ಚಕ್ರ ಕಾಲು ಸುತ್ತು ತಿರುಗುವಷ್ಟಾದ್ರೂ ಕಾರನ್ನು ತಳ್ಳಿ.
2. ದೂರ ಓಡಿಸಿ ಬಂದು, ಬಹಳ ದಿನಕ್ಕೆ ನಿಲ್ಲಿಸೋದಾದ್ರೆ, ಟೈರ್ ತಣ್ಣಗಾದ ಮೇಲೆ ಒಂದಡಿ ಮುಂದೆ ಸರಿಸಿ.
3. ನಿಲ್ಲಿಸುವ ಮುಂಚೆ ಗಾಳಿ ಸರಿ ಮಾಡಿ. ಎರಡು ಮೂರು ಪಿಎಸ್‌ಐ ಜಾಸ್ತಿ ಇರಲಿ, ಆದ್ರೆ ಟೈರಿನ ಮೇಲೆ ಬರೆದಿರೋ ಗರಿಷ್ಠ ಮಿತಿ ದಾಟಬೇಡಿ. ಓಡಿಸುವ ಮುಂಚೆ ಮತ್ತೆ ಸರಿಯಾದ ಮಟ್ಟಕ್ಕೆ ಇಳಿಸಿ. ಅಳೆಯೋದು ಯಾವಾಗಲೂ ತಣ್ಣಗಿದ್ದಾಗ.
4. ತಿಂಗಳುಗಟ್ಟಲೆ ನಿಲ್ಲಿಸಬೇಕಾದ್ರೆ ಆಕ್ಸಲ್ ಸ್ಟ್ಯಾಂಡ್ ಮೇಲೆ, ಕಂಪನಿ ತೋರಿಸಿದ ಜಾಗಕ್ಕೇ ಕೊಟ್ಟು ನಿಲ್ಲಿಸಿ. ಬರೀ ಜಾಕಿ ಮೇಲೆ ಬಿಟ್ಟು ಹೋಗಬೇಡಿ.
5. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಬಹಳ ದಿನ ಹ್ಯಾಂಡ್‌ಬ್ರೇಕ್ ಎಳೆದಿಟ್ರೆ ಬ್ರೇಕ್ ಅಂಟಿಕೊಳ್ಳಬಹುದು.

ರಜೆಗೆ ಊರಿಗೆ ಹೋಗುವಾಗ ಹಾಸ್ಟೆಲ್ ಶೆಡ್ಡಿನಲ್ಲಿ ಬಿಡೋ ಬೈಕಿಗೂ ಇದು ಅನ್ವಯಿಸುತ್ತೆ. ಗಾಳಿ ತುಂಬಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ ಹೋಗಿ.

ದೊಡ್ಡಪ್ಪನ ಕಾರು ಏನಾಯ್ತು?

ಇಪ್ಪತ್ತು ಕಿ.ಮೀ. ಓಡಿಸಿದ ಮೇಲೆ ಮುಕ್ಕಾಲು ಪಾಲು ಕುಲುಕಾಟ ಹೋಗಿತ್ತು. ಉಳಿದದ್ದು ಹಿಂದಿನ ಎಡಗಡೆಯಿಂದ, ಅದೇ 18 ಪಿಎಸ್‌ಐ ಟೈರಿನಿಂದ ಬರ್ತಿತ್ತು. ಅದನ್ನು ಬಿಚ್ಚಿ ಸ್ಟೆಪ್ನಿ ಹಾಕಿದ್ವಿ, ಶಬ್ದ ನಿಂತಿತು. ಬಿಚ್ಚಿದ ಟೈರಿನ ಪಕ್ಕದಲ್ಲಿ ‘ಡಾಟ್’ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿದ್ವಿ: 2315. ಅಂದ್ರೆ 2015ರ 23ನೇ ವಾರ ತಯಾರಾದದ್ದು. ಗೋಡೆಯಲ್ಲಿ ಸಣ್ಣ ಬಿರುಕುಗಳೂ ಇದ್ದವು. ಉಳಿದ ಮೂರೂ ಅದೇ ವಯಸ್ಸಿನವು. ಸಸ್ಪೆನ್ಷನ್‌ಗೆ ಏನೂ ಆಗಿರಲಿಲ್ಲ. ಆದ್ರೆ ಆ ಟೈರುಗಳಲ್ಲಿ ಮಾಕಳಿದುರ್ಗದ ತಿರುವು ಹತ್ತೋದು ಸರಿಯಲ್ಲ ಅಂತ ದೊಡ್ಡಪ್ಪನಿಗೆ ಹೇಳಿದ್ವಿ.

“ಹಾಳಾಗಬಾರದು ಅಂತಲೇ ನಿಲ್ಲಿಸಿದ್ದೆ ಕಣ್ರಪ್ಪಾ” ಅಂದ್ರು. ಬ್ರೋಕರ್‌ಗೆ ಫೋನ್ ಮಾಡಿ ‘ಕೊಡಲ್ಲ’ ಅಂದ್ರು. ಮುಂದಿನ ತಿಂಗಳು ನಾಲ್ಕೂ ಹೊಸ ಟೈರ್ ಹಾಕಿಸಿದ್ರು. ಈಗ ಭಾನುವಾರ ಅವರಿಗೆ ಪುರುಸೊತ್ತಿಲ್ಲದಿದ್ರೆ ಕಾರನ್ನು ಒಂದು ಸುತ್ತು ಓಡಿಸಿ ಬರೋ ಕೆಲಸ ನಮ್ಮ ಗೆಳೆಯನದು. ಅವನು ಒಂದು ವಾರವೂ ತಪ್ಪಿಸಿಲ್ಲ.