ಎತ್ತರ ಬೇರೆ, ಬಿಗಿ ಬೇರೆ: ವಾಹನದ ಸ್ಥಿರತೆ ಕುರಿತ ಅಭ್ಯಾಸ ಪಾಠ

ತರಗತಿ: 9
ವಿಷಯ: ವಿಜ್ಞಾನ (ಬಲ, ಗುರುತ್ವಾಕರ್ಷಣೆ ಘಟಕಗಳಿಗೆ ಪೂರಕ)
ಅವಧಿ: 45 ನಿಮಿಷದ ಎರಡು ಪಾಠಗಳು

ವಿಷಯದ ಆಯ್ಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಮಕ್ಕಳು ಓಟದ ಕಾರನ್ನು ಕಂಡಿರುವುದು ಹೆಚ್ಚಾಗಿ ಮೊಬೈಲಿನಲ್ಲೇ. ಆದರೆ ಹಂಗಾಮು ಶುರುವಾದರೆ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಹೋಗುವ ಕಬ್ಬಿನ ಟ್ರೇಲರ್‌ಗಳನ್ನು ದಿನವೂ ನೋಡುತ್ತಾರೆ. ಹಿಂದೆ ಓಡಿಹೋಗಿ ಕಬ್ಬು ಜಗ್ಗುವ ಮಕ್ಕಳೂ ಇದ್ದಾರೆ. ಓಟದ ಕಾರನ್ನು ನೆಲಕ್ಕೆ ತಗ್ಗಿಸಲು ಯಾವುದು ಕಾರಣವೋ ಎತ್ತರಕ್ಕೆ ಹೇರಿದ ಟ್ರೇಲರ್ ಉರುಳಲೂ ಅದೇ ಕಾರಣ. ಹೀಗಾಗಿ ಎರಡನ್ನೂ ಒಂದೇ ಪಾಠದಲ್ಲಿ ಜೋಡಿಸಿದೆ.

ಚಟುವಟಿಕೆ 1: ಎತ್ತರ

ಚಕ್ರಗಳ ನಡುವೆ 10 ಸೆಂ.ಮೀ. ಅಂತರವಿರುವ ಹಗುರ ರಟ್ಟಿನ ಗಾಡಿಯನ್ನು ಹಲಗೆಯ ಮೇಲೆ ಅಡ್ಡಲಾಗಿ ಇಟ್ಟು, ಜಾರದಂತೆ ಪಟ್ಟಿ ಕೊಟ್ಟೆವು. ಭಾರದ ಕಲ್ಲನ್ನು ಮೊದಲು 5 ಸೆಂ.ಮೀ., ಆಮೇಲೆ 10 ಸೆಂ.ಮೀ. ಎತ್ತರದಲ್ಲಿ ಕಟ್ಟಿ ಹಲಗೆ ಎತ್ತಿದೆವು. ಗುರುತ್ವ ಕೇಂದ್ರದಿಂದ ಇಳಿದ ಲಂಬರೇಖೆ ಚಕ್ರದ ಆಚೆ ಬಿದ್ದ ಕೂಡಲೇ ಗಾಡಿ ಉರುಳುತ್ತದೆ. ಲೆಕ್ಕದಂತೆ ಮೊದಲನೆಯದು 45 ಡಿಗ್ರಿಗೆ, ಎರಡನೆಯದು ಸುಮಾರು 27 ಡಿಗ್ರಿಗೆ ಉರುಳಬೇಕು. ಮಕ್ಕಳ ಅಳತೆ ಒಂದೆರಡು ಡಿಗ್ರಿ ಹಿಂದೆಮುಂದೆ ಬಂತು. ತಿರುವಿನಲ್ಲಿ ವೇಗವಾಗಿ ಹೊರಳುವಾಗಲೂ ಇದೇ ಅನುಪಾತ ಕೆಲಸ ಮಾಡುತ್ತದೆ ಎಂದು ಇಲ್ಲಿ ವಿವರಿಸಿದೆ.

ಚಟುವಟಿಕೆ 2: ಬಿಗಿ

ಅನೇಕ ಬೈಕುಗಳ ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ತಿರುಗಿಸುವ ಮೆಟ್ಟಿಲುಗಳಿರುತ್ತವೆ. ಓಟದ ಕಾರಿನಲ್ಲಿ ಸ್ಪ್ರಿಂಗಿನ ಕೆಳಗೆ ತಿರುಚುವ ಬಳೆ ಇರುತ್ತದೆ. “ತಿರುವಿದ್ರ ಸ್ಪ್ರಿಂಗ್ ಗಟ್ಟಿ ಆಗತೈತ್ರಿ ಸರ್” ಎಂದು ಒಬ್ಬ ಹುಡುಗ ಹೇಳಿದ. ಇದು ಬಹಳ ಜನರಲ್ಲಿರುವ ಕಲ್ಪನೆ. ಅದನ್ನು ತಪ್ಪೆನ್ನದೆ ಫಲಕದ ಮೇಲೆ ಬರೆದು, ಪರೀಕ್ಷಿಸಲು ಹೇಳಿದೆ.

ಮೊಳೆಗೆ ಸ್ಪ್ರಿಂಗ್ ತೂಗುಹಾಕಿ 50, 100, 150 ಗ್ರಾಂ ಕಟ್ಟಿ ಹಿಗ್ಗಿದ್ದನ್ನು ಅಳೆದರು. ಮೊಳೆಯನ್ನು 2 ಸೆಂ.ಮೀ. ಮೇಲೆ ಹೊಡೆದು ಮತ್ತೆ ಅಳೆದರು. ತುದಿ 2 ಸೆಂ.ಮೀ. ಮೇಲೆ ಬಂತು, ಆದರೆ ಪ್ರತಿ 50 ಗ್ರಾಂಗೆ ಹಿಗ್ಗುವ ಪ್ರಮಾಣ ಬದಲಾಗಲಿಲ್ಲ. ಅಂದರೆ ಬಳೆ ತಿರುಗಿಸಿದರೆ ಬದಲಾಗುವುದು ಎತ್ತರ. ಬಿಗಿ ಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು. ಹುಕ್‌ನ ನಿಯಮವನ್ನು ಈ ಹಂತದಲ್ಲಿ ಹೆಸರಿಸಿದೆ, ಮೊದಲೇ ಅಲ್ಲ.

ಚಟುವಟಿಕೆ 3: ಅವಮಂದನ

ತೂಗುವ ತೂಕವನ್ನು ಜಗ್ಗಿ ಬಿಟ್ಟರೆ ಬಹಳ ಹೊತ್ತು ಕುಣಿಯುತ್ತದೆ. ಅದೇ ತೂಕ ನೀರಿನ ಲೋಟದೊಳಗೆ ಮುಳುಗಿದ್ದರೆ ಬೇಗ ನಿಲ್ಲುತ್ತದೆ. ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಮಾಡುವ ಕೆಲಸವೂ ಇದೇ.

ಚರ್ಚೆ

“ಹಾಗಾದರೆ ನಮ್ಮ ಊರ ಕಾರನ್ನೂ ತಗ್ಗಿಸಿ ಬಿಗಿ ಮಾಡೋಣವೇ?” ಎಂದು ಕೇಳಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಓಟದ ಪಥದಂಥ ನಯವಾದ ನೆಲದಲ್ಲಿ ಅದು ಲಾಭ. ಉಬ್ಬು-ತಗ್ಗಿನ ಹಳ್ಳಿ ರಸ್ತೆಯಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಸ್ಪ್ರಿಂಗ್ ಅತಿ ಬಿಗಿಯಾದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ತಯಾರಕರು ಸೂಚಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದನ್ನೂ ತಿಳಿಸಿದೆ.

ಮೌಲ್ಯಮಾಪನ

ಪ್ರಶ್ನೆ ಒಂದೇ: “ಕಬ್ಬು ತುಂಬಿದ ಟ್ರೇಲರ್ ತಿರುವಿನಲ್ಲಿದೆ. ನೀವು ಎಲ್ಲಿ ನಿಲ್ಲುವುದಿಲ್ಲ? ಏಕೆ?” ಹೆಚ್ಚಿನವರು ಚಿತ್ರ ಬಿಡಿಸಿ, ಗುರುತ್ವ ಕೇಂದ್ರ ಗುರುತಿಸಿ, ತಿರುವಿನ ಹೊರಬದಿಯನ್ನು ತೋರಿಸಿದರು. ಹಿಂದೆ ಜೋತುಬಿದ್ದು ಕಬ್ಬು ಜಗ್ಗುವುದೂ ಅಪಾಯವೆಂದು ಇಬ್ಬರು ತಾವಾಗಿಯೇ ಸೇರಿಸಿದರು.

ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠದ ಜೀವಾಳ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು. ಎತ್ತರ ಬದಲಿಸುವಾಗ ಭಾರ ಅದೇ ಇರಲಿ. ಮೊಳೆ ಸರಿಸುವಾಗ ಸ್ಪ್ರಿಂಗ್ ಅದೇ ಇರಲಿ. ಎರಡನ್ನೂ ಕೂಡಿಯೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಮಗು ಹೇಳಲಾರದು. ಕೋಷ್ಟಕವನ್ನು ನೀವು ತುಂಬಬೇಡಿ, ಮಕ್ಕಳೇ ತುಂಬಲಿ.