ಕಟ್ಟುವ ಮೊದಲೇ ಕಟ್ಟಡದೊಳಗೆ ನಡೆದು ನೋಡುವುದು: ಕಾಮಗಾರಿ ಯೋಜನೆಯಲ್ಲಿ ವರ್ಚುವಲ್ ರಿಯಾಲಿಟಿ

ಅಂಗನವಾಡಿ ಅಥವಾ ಸಮುದಾಯ ಭವನದ ನಕ್ಷೆಯು ಸಾಮಾನ್ಯ ಸಭೆಯ ಮುಂದೆ ಬಂದಾಗ ಹಾಳೆ ಕೈಯಿಂದ ಕೈಗೆ ಸಾಗುತ್ತದೆ. ಅಂದಾಜುಪಟ್ಟಿಯ ಕೊನೆಯ ಮೊತ್ತವನ್ನು ಎಲ್ಲರೂ ಓದುತ್ತಾರೆ; ನಕ್ಷೆಯ ಗೆರೆಗಳನ್ನು ಓದುವವರು ವಿರಳ. ಠರಾವು ಅಂಗೀಕಾರವಾಗುತ್ತದೆ. ಬಾಗಿಲು ಕಿರಿದಾಯಿತು, ಅಡುಗೆ ಕೋಣೆಗೆ ಗಾಳಿಯಿಲ್ಲ ಎಂಬ ಆಕ್ಷೇಪಗಳು ಗೋಡೆ ಎದ್ದ ಬಳಿಕ ಕೇಳಿಬರುತ್ತವೆ. ಆಗ ತಿದ್ದುವುದೆಂದರೆ ಒಡೆದು ಕಟ್ಟುವುದು. ಇದು ಸದಸ್ಯರ ದೋಷವಲ್ಲ. ನಕ್ಷೆ ಓದುವುದು ಒಂದು ಕಸುಬು. ಅದನ್ನು ಕಲಿಯದವರಿಗೂ ಕಟ್ಟಡವನ್ನು ಪ್ರಶ್ನಿಸುವ ಹಕ್ಕಿದೆ.

ವರ್ಚುವಲ್ ರಿಯಾಲಿಟಿ ಈ ಕೊರತೆಯನ್ನು ತುಂಬಬಲ್ಲ ಸಾಧನ. ಇಂಜಿನಿಯರರ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಉದ್ದ, ಅಗಲ, ಎತ್ತರಗಳುಳ್ಳ ಮಾದರಿಯಾಗಿ ರೂಪಿಸಲಾಗುತ್ತದೆ. ಕಣ್ಣಿಗೆ ಧರಿಸುವ ಹೆಡ್‌ಸೆಟ್ ಎಡಗಣ್ಣಿಗೂ ಬಲಗಣ್ಣಿಗೂ ತುಸು ಭಿನ್ನವಾದ ಚಿತ್ರಗಳನ್ನು ತೋರಿಸುವುದರಿಂದ ಆಳದ ಅನುಭವ ಉಂಟಾಗುತ್ತದೆ. ತಲೆ ಹೊರಳಿಸಿದತ್ತ ದೃಶ್ಯವೂ ಹೊರಳುತ್ತದೆ. ದುಬಾರಿ ಉಪಕರಣವೇ ಬೇಕೆಂದಿಲ್ಲ. ಮಸೂರಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಸ್ಮಾರ್ಟ್‌ಫೋನ್ ಇಟ್ಟು ನೋಡುವ ವಿಧಾನವು 2014ರಿಂದಲೇ ಬಳಕೆಯಲ್ಲಿದೆ. ಮಾದರಿ ರಚಿಸಲು ಬ್ಲೆಂಡರ್‌ನಂತಹ ಉಚಿತ ತಂತ್ರಾಂಶಗಳಿವೆ.

ಒಂದು ಉದಾಹರಣೆ. ಕಟ್ಟಡದ ಪ್ಲಿಂತ್ 45 ಸೆಂಟಿಮೀಟರ್ ಎತ್ತರವಿದ್ದರೆ, ಗಾಲಿಕುರ್ಚಿಯ ರ‍್ಯಾಂಪಿಗೆ 1:12ರ ಇಳಿಜಾರಿನಂತೆ 5.4 ಮೀಟರ್ ಉದ್ದ ಬೇಕು. ನಕ್ಷೆಯಲ್ಲಿ ಅದು 2 ಮೀಟರಿನ ಪುಟ್ಟ ಆಯತವಾಗಿದ್ದರೂ ಯಾರ ಗಮನಕ್ಕೂ ಬಾರದು. ಮಾದರಿಯಲ್ಲಿ ಅದರ ಎದುರು ನಿಂತವರಿಗೆ ಏರಿನ ಕಡಿದುತನ ತಕ್ಷಣ ಕಾಣುತ್ತದೆ. ಆದ್ದರಿಂದ ಹೆಡ್‌ಸೆಟ್ ಮೊದಲು ಅಧ್ಯಕ್ಷರ ಕೈಗಲ್ಲ, ಅಂಗನವಾಡಿ ಕಾರ್ಯಕರ್ತೆಯ, ಅಡುಗೆಯವರ, ಅಂಗವಿಕಲರ ಕೈಗೆ ಹೋಗಬೇಕು. ರಬಕವಿ-ಬನಹಟ್ಟಿ ಭಾಗದಲ್ಲಿ ನೇಕಾರರಿಗೆ ಸಾಮೂಹಿಕ ಶೆಡ್ ಕಟ್ಟುವುದಾದರೆ, ಎರಡು ಮಗ್ಗಗಳ ನಡುವೆ ಎಷ್ಟು ಜಾಗ ಬೇಕೆಂಬುದನ್ನು ನೇಕಾರನಷ್ಟು ಬಲ್ಲ ಇಂಜಿನಿಯರ್ ಇಲ್ಲ.

ನದಿತೀರದ ಗ್ರಾಮಗಳಿಗೆ ಈ ವಿಧಾನದ ಉಪಯೋಗ ಇನ್ನೂ ದೊಡ್ಡದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಹಾಗೂ ಘಟಪ್ರಭಾ ನದಿಗಳ ಪ್ರವಾಹವು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ಗ್ರಾಮಗಳಿಗೆ ನುಗ್ಗಿತು. ಬೀಳಗಿ ತಾಲ್ಲೂಕು ಆಲಮಟ್ಟಿ ಹಿನ್ನೀರಿನ ಮುಳುಗಡೆಯನ್ನು ಕಂಡಿದೆ. ಜಲಾಶಯದ ಈಗಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಕೃಷ್ಣಾ ಮೇಲ್ದಂಡೆ ಯೋಜನೆಯ 3ನೇ ಹಂತದಲ್ಲಿ ಉದ್ದೇಶಿಸಿರುವುದು 524.256 ಮೀಟರ್. ವ್ಯತ್ಯಾಸ 4.656 ಮೀಟರ್, ಅಂದರೆ ಒಂದು ಅಂತಸ್ತಿಗಿಂತಲೂ ಅಧಿಕ. ಕಾಗದದ ಮೇಲೆ ಇವು ಎರಡು ಸಂಖ್ಯೆಗಳು ಮಾತ್ರ. ಮಾದರಿಯಲ್ಲಿ ನೀರಿನ ಮೇಲ್ಮೈಯನ್ನು ಈ ಮಟ್ಟಗಳಿಗೆ ಏರಿಸಿದಾಗ, ಉದ್ದೇಶಿತ ನೀರಿನ ಟ್ಯಾಂಕ್ ಎಲ್ಲಿ ನಿಲ್ಲುತ್ತದೆ, ಶಾಲೆಯಿಂದ ಹೊರಬರುವ ರಸ್ತೆ ಯಾವಾಗ ಮುಚ್ಚುತ್ತದೆ ಎಂಬುದು ಕಣ್ಣೆದುರು ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರವಾಹ ಕಾಲದಲ್ಲಿ ನದಿಯ ನೀರು ಜಲಾಶಯದಂತೆ ಸಮತಟ್ಟಾಗಿರುವುದಿಲ್ಲ; ಮೇಲ್ಗಡೆಯ ಊರುಗಳಲ್ಲಿ ಮಟ್ಟವು ಇನ್ನೂ ಎತ್ತರದಲ್ಲಿರುತ್ತದೆ. ಆದ್ದರಿಂದ ಜಲಾಶಯದ ಒಂದು ಸಂಖ್ಯೆಯನ್ನೇ ಎಲ್ಲ ಊರುಗಳಿಗೂ ಹಚ್ಚಬಾರದು. 2019ರಲ್ಲಿ ನೀರು ಗುಡಿಯ ಯಾವ ಮೆಟ್ಟಿಲವರೆಗೆ, ಶಾಲೆಯ ಗೋಡೆಯ ಯಾವ ಎತ್ತರದವರೆಗೆ ಬಂದಿತ್ತೆಂಬುದನ್ನು ಊರ ಹಿರಿಯರು ತೋರಿಸಬಲ್ಲರು. ಆ ಗುರುತುಗಳನ್ನು ಲೆವೆಲ್ ಯಂತ್ರದಿಂದ ಅಳೆಸಿ ಮಾದರಿಗೆ ಸೇರಿಸುವಂತೆ ಕಿರಿಯ ಇಂಜಿನಿಯರರನ್ನು ಕೋರಬೇಕು. ಇದನ್ನು ಬಿಟ್ಟ ಮಾದರಿಯು ಚಂದದ ಚಿತ್ರವಷ್ಟೇ. ಅದರ ಚಂದವೇ ಸಭೆಯನ್ನು ದಾರಿ ತಪ್ಪಿಸೀತು.

ಮಣ್ಣಿನ ಗುಣವನ್ನೂ ಹೆಡ್‌ಸೆಟ್ ತೋರಿಸದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ತಳಪಾಯದ ನಿರ್ಧಾರಕ್ಕೆ ಮಣ್ಣು ಪರೀಕ್ಷೆಯ ವರದಿಯೇ ಆಧಾರ.

ಯಾವ ಉಪಕರಣವೂ ದೊರೆಯದ ಪಂಚಾಯತಿಗಳು ನಿವೇಶನದಲ್ಲೇ ಸುಣ್ಣದ ಪುಡಿಯಿಂದ ಕಟ್ಟಡದ ಗೆರೆಗಳನ್ನು ಪೂರ್ಣ ಅಳತೆಯಲ್ಲಿ ಹಾಕಿಸಬಹುದು. ಬಾಗಿಲುಗಳಿಗೆ ಗಳಗಳನ್ನು ನೆಟ್ಟು, ಪ್ಲಿಂತ್ ಮಟ್ಟಕ್ಕೂ ಪ್ರವಾಹದ ಗುರುತಿನ ಮಟ್ಟಕ್ಕೂ ಬೇರೆ ಬೇರೆ ಬಣ್ಣದ ಹಗ್ಗ ಬಿಗಿದು, ಗ್ರಾಮಸಭೆಯ ದಿನ ಜನರನ್ನು ಅದರೊಳಗೆ ನಡೆಸಬೇಕು. ಅವರು ಸೂಚಿಸಿದ ಬದಲಾವಣೆಗಳನ್ನು ಅದೇ ದಿನದ ನಡವಳಿಯಲ್ಲಿ ದಾಖಲಿಸಿ, ತಾಂತ್ರಿಕ ಮಂಜೂರಾತಿಗೆ ಮುನ್ನವೇ ಇಂಜಿನಿಯರಿಂಗ್ ಉಪವಿಭಾಗಕ್ಕೆ ಕಳುಹಿಸತಕ್ಕದ್ದು.