ಉಸಿರಿನ ಅಳತೆ ಮತ್ತು ಅಳತೆಗೋಲಿನ ಪರೀಕ್ಷೆ

ಪೂರಕ, ಕುಂಭಕ, ರೇಚಕ ಎಂಬ ಮೂರು ಶಬ್ದಗಳು ಯೋಗಾಭ್ಯಾಸಿಗಳಿಗೆ ಸುಪರಿಚಿತವಾದವು. ಉಸಿರನ್ನು ಒಳಗೆ ತುಂಬಿಕೊಳ್ಳುವುದು ಪೂರಕ. ತಡೆದು ನಿಲ್ಲಿಸುವುದು ಕುಂಭಕ. ಹೊರಗೆ ಬಿಡುವುದು ರೇಚಕ. ಯೋಗಿಯು ಇವುಗಳಲ್ಲಿ ಉಸಿರಿನ ನಿಯಮವನ್ನು ಕಾಣುತ್ತಾನೆ; ವೈದ್ಯನು ಅದರ ಪ್ರಮಾಣವನ್ನೂ ವೇಗವನ್ನೂ ಕಾಣುತ್ತಾನೆ. ಉಬ್ಬಸದ ರೋಗಿಯ ಸಂಕಟವಿರುವುದು ಬಹುಮಟ್ಟಿಗೆ ರೇಚಕದಲ್ಲಿಯೇ. ಶ್ವಾಸನಾಳಗಳು ಸಂಕುಚಿತವಾದಾಗ ಒಳಹೊಕ್ಕ ಗಾಳಿಯು ಬೇಗನೆ ಹೊರಬರಲಾರದು. ಈ ತಡೆಯನ್ನು ಅಂಕೆಗಳಲ್ಲಿ ತೋರಿಸುವ, ಕೈಯಲ್ಲಿ ಹಿಡಿದೊಯ್ಯಬಹುದಾದ ಸಾಧನಗಳು ಇಂದು ಸುಲಭವಾಗಿ ದೊರೆಯುತ್ತವೆ. ಅವು ಹೇಳುವ ಅಂಕೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಉಸಿರನ್ನು ಶಾಸ್ತ್ರೀಯವಾಗಿ ಅಳೆದವರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್‌ಸನ್ನನು ಪ್ರಮುಖನು. ನೀರಿನಲ್ಲಿ ಬೋರಲಾಗಿ ನಿಲ್ಲಿಸಿದ ಪಾತ್ರೆಯೊಳಕ್ಕೆ ಊದಿಸಿ, ಅದು ಮೇಲೇರಿದಷ್ಟನ್ನು ಅಳೆಯುವ ಸ್ಪೈರೋಮೀಟರನ್ನು ಅವನು ರಚಿಸಿದನು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಮನುಷ್ಯನ ಎತ್ತರ ಹೆಚ್ಚಿದಂತೆ ಅವನು ಹೊರಬಿಡಬಲ್ಲ ಗಾಳಿಯ ಪ್ರಮಾಣವೂ ಹೆಚ್ಚುತ್ತದೆಂದು 1846ರಲ್ಲಿ ಪ್ರಕಟಿಸಿದನು. ಆದರೆ ಆ ಯಂತ್ರವನ್ನು ರೋಗಿಯ ಮನೆಗೆ ಒಯ್ಯುವಂತಿರಲಿಲ್ಲ. 1959ರಲ್ಲಿ ಬ್ರಿಟನ್ನಿನ ಮಾರ್ಟಿನ್ ರೈಟ್ ಎಂಬವರು ಪೀಕ್ ಫ್ಲೋ ಮೀಟರನ್ನು ಪ್ರಚುರಪಡಿಸಿದರು. ರಭಸದಿಂದ ಊದಿದಾಗ ಗಾಳಿಯು ಮುಟ್ಟುವ ಅತ್ಯಧಿಕ ವೇಗವನ್ನು ಅದು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುತ್ತದೆ. ಅದರ ಚಿಕ್ಕ ರೂಪವಾದ ಮಿನಿ ರೈಟ್ ಮೀಟರು 1970ರ ದಶಕದಲ್ಲಿ ಬಂದಿತು. ಆ ಬಳಿಕ ಉಸಿರಿನ ಅಳತೆಯು ಆಸ್ಪತ್ರೆಯನ್ನು ದಾಟಿ ರೋಗಿಯ ಕೈಗೆ ಬಂದಿತು.

ಸಾಧನವು ಕೈಗೆ ಬಂದೊಡನೆ ಅದರ ಮಾತು ಪ್ರಮಾಣವಾಗುವುದಿಲ್ಲ. ಅದನ್ನೂ ಅಳೆಯಬೇಕು. ಇದಕ್ಕೆ ಎರಡು ಮಾರ್ಗಗಳುಂಟು.

ಮೊದಲನೆಯದು ಯಂತ್ರಪರೀಕ್ಷೆ. ಸರಿಯಾಗಿ ಮೂರು ಲೀಟರ್ ಗಾಳಿ ಹಿಡಿಯುವ ದೊಡ್ಡ ಸಿರಿಂಜಿನಿಂದ ಸ್ಪೈರೋಮೀಟರಿನೊಳಕ್ಕೆ ಒಮ್ಮೆ ನಿಧಾನವಾಗಿ, ಒಮ್ಮೆ ಮಧ್ಯಮ ವೇಗದಲ್ಲಿ, ಒಮ್ಮೆ ರಭಸದಿಂದ ಗಾಳಿಯನ್ನು ನೂಕುತ್ತಾರೆ. ಅಮೆರಿಕ ಮತ್ತು ಯುರೋಪಿನ ಶ್ವಾಸರೋಗ ತಜ್ಞರ ಸಂಘಗಳು 2019ರಲ್ಲಿ ಪ್ರಕಟಿಸಿದ ನಿಯಮದಂತೆ, ಈ ತಾಳೆನೋಟದಲ್ಲಿ ನೂರಕ್ಕೆ ಮೂರರಷ್ಟು ವ್ಯತ್ಯಾಸವು ಮಾತ್ರ ಸಹ್ಯ. ಎಂದರೆ, ಮೂರು ವೇಗಗಳಲ್ಲಿಯೂ ಸಾಧನವು 2.91 ಲೀಟರಿಗೆ ಕಡಿಮೆಯಾಗದೆ, 3.09 ಲೀಟರನ್ನು ಮೀರದೆ ಉತ್ತರ ಕೊಡಬೇಕು.

ಎರಡನೆಯದು ಮನುಷ್ಯರ ಮೇಲಣ ಪರೀಕ್ಷೆ. ಒಬ್ಬನೇ ವ್ಯಕ್ತಿಯಿಂದ ಹೊಸ ಸಾಧನದಲ್ಲಿಯೂ ನಂಬಿಕೆಯ ಹಳೆಯ ಸಾಧನದಲ್ಲಿಯೂ ಊದಿಸಿ ಎರಡನ್ನೂ ಹೋಲಿಸುವುದು. ವಿದ್ವಾಂಸರೂ ಎಡವುತ್ತಿದ್ದುದು ಈ ಹೋಲಿಕೆಯಲ್ಲಿಯೇ. ಒಂದರ ಅಂಕೆ ಏರಿದಾಗ ಇನ್ನೊಂದರ ಅಂಕೆಯೂ ಏರಿದರೆ ಎರಡೂ ಸಮವೆಂದು ಬಗೆಯುತ್ತಿದ್ದರು. ಸಂತೆಯಲ್ಲಿ ಇಬ್ಬರು ವರ್ತಕರ ಸೇರುಗಳನ್ನು ನೋಡಬಹುದು. ಒಬ್ಬನ ಸೇರು ಚಿಕ್ಕದಿದ್ದರೂ ರಾಶಿ ದೊಡ್ಡದಾದಂತೆ ಇಬ್ಬರ ಲೆಕ್ಕವೂ ಒಟ್ಟಿಗೇ ಏರುತ್ತದೆ. ಅಷ್ಟರಿಂದ ಸೇರುಗಳು ಸಮವಾದವೆ?

ಈ ಭ್ರಮೆಯನ್ನು ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಯಲಿಗೆಳೆದರು. ಅವರು ಉದಾಹರಣೆಗೆ ಆರಿಸಿಕೊಂಡುದು ರೈಟರ ದೊಡ್ಡ ಮೀಟರನ್ನೂ ಮಿನಿ ಮೀಟರನ್ನೂ. ಹದಿನೇಳು ಜನರಿಂದ ಎರಡರಲ್ಲಿಯೂ ಊದಿಸಲಾಯಿತು. ಎರಡರ ನಡುವಣ ಸಹಸಂಬಂಧವು 0.94 ಇದ್ದಿತು, ಸರಾಸರಿ ವ್ಯತ್ಯಾಸವು ನಿಮಿಷಕ್ಕೆ ಎರಡು ಲೀಟರಿನಷ್ಟೇ. ಮೇಲುನೋಟಕ್ಕೆ ದೋಷವೇ ಇಲ್ಲ. ಆದರೆ ಒಬ್ಬೊಬ್ಬ ವ್ಯಕ್ತಿಯ ವ್ಯತ್ಯಾಸವನ್ನು ಬೇರೆ ಬೇರೆಯಾಗಿ ನೋಡಿದಾಗ, ಚಿಕ್ಕ ಮೀಟರು ದೊಡ್ಡದಕ್ಕಿಂತ 80 ಲೀಟರ್ ಕಡಿಮೆಯನ್ನಾಗಲಿ 76 ಲೀಟರ್ ಹೆಚ್ಚನ್ನಾಗಲಿ ತೋರಿಸಬಹುದೆಂದು ಕಂಡುಬಂದಿತು. ಹೆಚ್ಚು ಕಡಿಮೆಗಳು ಪರಸ್ಪರ ಕಳೆದುಹೋಗಿ ಸರಾಸರಿಯು ಶುದ್ಧವಾಗಿ ಕಂಡಿತ್ತು. ಔಷಧ ಬೇಕಾಗಿರುವುದು ಸರಾಸರಿಗಲ್ಲ, ರೋಗಿಗೆ.

ಇದರ ಪರಿಣಾಮವು ಅಲ್ಪವಲ್ಲ. ಉಬ್ಬಸದ ರೋಗಿಯು ಆರೋಗ್ಯದಿಂದಿರುವಾಗ ಊದಿದ ಅತ್ಯುತ್ತಮ ಅಂಕೆಯನ್ನು ಆಧಾರವಾಗಿಟ್ಟುಕೊಂಡು, ನೂರಕ್ಕೆ 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80ರವರೆಗೆ ಹಳದಿ, 50ಕ್ಕಿಂತ ಕೆಳಗಿಳಿದರೆ ಕೆಂಪು ಎಂದು ವಲಯಗಳನ್ನು ಗೊತ್ತುಮಾಡುವ ಪದ್ಧತಿಯಿದೆ. ಕೆಂಪೆಂದರೆ ತಡಮಾಡದೆ ಚಿಕಿತ್ಸೆ ಪಡೆಯಬೇಕೆಂದರ್ಥ. ಒಬ್ಬನ ಅತ್ಯುತ್ತಮ ಅಂಕೆ 400 ಆಗಿದ್ದರೆ, 200ಕ್ಕೆ ಕೆಳಗಿಳಿದೊಡನೆ ಅವನು ಎಚ್ಚರಗೊಳ್ಳಬೇಕು. ಅವನ ನಿಜವಾದ ಅಂಕೆ 180 ಇದ್ದು, ಬದಲಿಸಿದ ಮೀಟರು 250 ಎಂದು ತೋರಿಸಿದರೆ, ಅವನು ಅಪಾಯವನ್ನರಿಯದೆ ಮನೆಯಲ್ಲಿಯೇ ಉಳಿದಾನು.

ಸಾಧನದ ಅಂಕಪಟ್ಟಿಯೂ ದೋಷಾತೀತವಲ್ಲ. ರೈಟರ ಹಳೆಯ ಅಂಕಪಟ್ಟಿಯು ನಡುವಣ ವೇಗಗಳಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುತ್ತಿದ್ದುದು ಮುಂದೆ ಸಿದ್ಧವಾಯಿತು. ಆದುದರಿಂದ 2004ರಲ್ಲಿ ಬ್ರಿಟನ್ನಿನಲ್ಲಿ ಯುರೋಪಿನ ಹೊಸ ಅಂಕಪಟ್ಟಿಯನ್ನು ಜಾರಿಗೆ ತರಲಾಯಿತು. ಹಳೆಯ ಪಟ್ಟಿಯ ಅಂಕೆಯನ್ನೂ ಹೊಸ ಪಟ್ಟಿಯ ಅಂಕೆಯನ್ನೂ ಒಂದೇ ಪುಸ್ತಕದಲ್ಲಿ ಬೆರೆಸಿ ಬರೆದರೆ, ಇಲ್ಲದ ರೋಗವು ಕಂಡೀತು, ಇದ್ದ ರೋಗವು ಮರೆಯಾದೀತು.

ಸಾಧನವು ಶುದ್ಧವಾಗಿದ್ದರೂ ಊದುವ ಕ್ರಮ ತಪ್ಪಿದರೆ ಫಲವಿಲ್ಲ. ಪೂರ್ಣವಾಗಿ ಉಸಿರೆಳೆದು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಒಮ್ಮೆಲೇ ಬಲವಾಗಿ ಊದಬೇಕು. ಮೂರು ಬಾರಿ ಊದಿ ಅತ್ಯಧಿಕವಾದುದನ್ನು ಬರೆದಿಡಬೇಕು. ಪೀಕ್ ಫ್ಲೋ ಮೀಟರಿಗೆ ತನ್ನದೇ ಆದ ಮಿತಿಯೂ ಉಂಟು. ಅದು ವೇಗದ ಶಿಖರವನ್ನು ಮಾತ್ರ ಬಲ್ಲದು. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂದಿತು, ಒಟ್ಟು ಎಷ್ಟು ಬಂದಿತು ಎಂಬುದನ್ನು ಸ್ಪೈರೋಮೀಟರೇ ಹೇಳಬೇಕು. ಸೌದೆಯ ಹೊಗೆಯಲ್ಲಿ ಬಹುಕಾಲ ಅಡುಗೆ ಮಾಡಿದ ತಾಯಂದಿರಲ್ಲಿ ಕಂಡುಬರುವ ದೀರ್ಘಕಾಲದ ಶ್ವಾಸರೋಗದ ನಿರ್ಣಯಕ್ಕೆ ಇದೇ ಆಧಾರ.

ಆರೋಗ್ಯ ಶಿಬಿರಗಳಿಗೂ ಶಾಲೆಗಳಿಗೂ ಇಂಥ ಸಾಧನಗಳನ್ನು ದಾನವಾಗಿ ಕೊಡುವುದು ಶ್ಲಾಘ್ಯವಾದುದು. ಕೊಡುವ ಮುನ್ನ ಬೆಲೆಯೊಡನೆ ಇನ್ನೂ ಕೆಲವನ್ನು ವಿಚಾರಿಸುವುದು ಯುಕ್ತ: ಇದರ ಅಂಕಪಟ್ಟಿ ಯಾವುದು? ಸಿರಿಂಜಿನ ಪರೀಕ್ಷೆಗೆ ವ್ಯವಸ್ಥೆಯಿದೆಯೆ? ಒಬ್ಬರ ಬಾಯಿಗಿಟ್ಟ ಕೊಳವೆ ಇನ್ನೊಬ್ಬರ ಬಾಯಿಗೆ ಹೋಗದಂತೆ ಸಾಕಷ್ಟು ಕೊಳವೆಗಳಿವೆಯೆ? ಊದಿಸಲು ಕಲಿತವರು ಇದ್ದಾರೆಯೆ? ರೋಗಿಯು ಒಂದೇ ಮೀಟರನ್ನು ಬಹುಕಾಲ ಉಪಯೋಗಿಸುವುದು, ಬದಲಿಸಿದರೆ ಆ ದಿನಾಂಕವನ್ನು ಪುಸ್ತಕದಲ್ಲಿ ಗುರುತಿಸುವುದು ಕ್ಷೇಮಕರ.

ಧಾನ್ಯವನ್ನಳೆಯುವ ಕೊಳಗಕ್ಕೆ ಸರಕಾರದ ಮುದ್ರೆ ಬೇಕೆಂದು ಕೇಳುವ ಜನರು ಪ್ರಾಣವಾಯುವನ್ನಳೆಯುವ ಕೊಳವೆಯ ವಿಷಯದಲ್ಲಿ ಅದಕ್ಕಿಂತ ಕಡಿಮೆಯ ಎಚ್ಚರವನ್ನು ವಹಿಸಲಾಗದು.